ಹುಳಿಯ ಹರಳನ್ನು ಕಂಡ ಕಾರ್ಲ್ ಶೀಲೆ

ಔರಾದ್ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹಬ್ಬ ಬಂತೆಂದರೆ ಅವ್ವ ಹುಣಸೆಹಣ್ಣು ನೆನೆಹಾಕಿ ತಾಮ್ರದ ಕೊಡ, ಹಿತ್ತಾಳೆಯ ತಂಬಿಗೆಗಳನ್ನು ತಿಕ್ಕುವಳು. ಕಿಲುಬು ಕರಗಿ ಪಾತ್ರೆಗಳು ಹೊಳೆಯುವುವು. ಸಾರಿಗೆ ರುಚಿ ಕೊಡುವುದೂ ಅದೇ ಹುಳಿ. ಈ ಹುಳಿಯ ಮೂಲವಾದ ಟಾರ್ಟಾರಿಕ್ ಆಮ್ಲವನ್ನು ಮೊದಲು ಶುದ್ಧ ಹರಳಾಗಿ ಬೇರ್ಪಡಿಸಿದವನು ಒಬ್ಬ ಔಷಧಿಯಂಗಡಿಯ ನೌಕರನು. ಅವನೇ ಕಾರ್ಲ್ ವಿಲ್ಹೆಲ್ಮ್ ಶೀಲೆ.

ಶೀಲೆಯು 1742ರ ಡಿಸೆಂಬರ್ 9ರಂದು ಸ್ಟ್ರಾಲ್ಸುಂಡ್ ಪಟ್ಟಣದಲ್ಲಿ ಜನಿಸಿದನು. ಇಂದು ಜರ್ಮನಿಯಲ್ಲಿರುವ ಆ ಪಟ್ಟಣ ಆಗ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. 11 ಮಕ್ಕಳಲ್ಲಿ ಇವನು ಏಳನೆಯವನು. ತಂದೆಯು ವ್ಯಾಪಾರದಲ್ಲಿ ದಿವಾಳಿಯಾದನು. ಹದಿನಾಲ್ಕರ ವಯಸ್ಸಿನಲ್ಲಿ ಹುಡುಗನು ಗೋಥೆನ್‌ಬರ್ಗಿನ ಔಷಧಿಯಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವನೆಂದೂ ಹತ್ತಲಿಲ್ಲ. ಅಂಗಡಿಯ ಸೀಸೆಗಳೇ ಅವನ ಪ್ರಯೋಗಶಾಲೆ, ಅಲ್ಲಿದ್ದ ಗ್ರಂಥಗಳೇ ಅವನ ಗುರುಗಳು.

ದ್ರಾಕ್ಷಾಮದ್ಯದ ಪೀಪಾಯಿಗಳ ಒಳಮೈಗೆ ಒಂದು ಗಟ್ಟಿಯಾದ ಲವಣ ಅಂಟಿಕೊಳ್ಳುವುದು. ಶೀಲೆಯು ಅದನ್ನು ಸೀಮೆಸುಣ್ಣದೊಡನೆ ಕುದಿಸಿದನು. ತಳದಲ್ಲಿ ಕೂತ ಪುಡಿಗೆ ಗಂಧಕಾಮ್ಲವನ್ನು ಸೇರಿಸಿ, ತಿಳಿಯನ್ನು ಸೋಸಿ ಇಂಗಿಸಿದಾಗ ಟಾರ್ಟಾರಿಕ್ ಆಮ್ಲದ ಹರಳುಗಳು ದೊರೆತವು. ಇದು 1770ರಲ್ಲಿ ಪ್ರಕಟವಾಯಿತು. 1784ರಲ್ಲಿ ಇದೇ ಕ್ರಮದಿಂದ ಲಿಂಬೆಯ ರಸದಿಂದ ಸಿಟ್ರಿಕ್ ಆಮ್ಲವನ್ನು ಪಡೆದನು. ಹುಳಿತ ಹಾಲಿನ ಆಮ್ಲ, ಸೇಬಿನ ಆಮ್ಲಗಳನ್ನು ಬೇರ್ಪಡಿಸಿದವನೂ ಇವನೇ.

ಆಮ್ಲಜನಕವನ್ನು ಇವನು ಪ್ರೀಸ್ಟ್ಲಿಗಿಂತ ಮೊದಲೇ ಕಂಡಿದ್ದನು. ಆದರೆ ಪುಸ್ತಕವು 1777ರಲ್ಲಿ ಹೊರಬಂದುದರಿಂದ ಪ್ರಕಟಣೆಯ ಕೀರ್ತಿ ಪ್ರೀಸ್ಟ್ಲಿಗೆ ಸಂದಿತು. ಆದರೂ 1775ರಲ್ಲಿ, ಇನ್ನೂ ಔಷಧಿಕಾರನ ಪರೀಕ್ಷೆಯನ್ನೇ ಮುಗಿಸದಿದ್ದ ಶೀಲೆಯನ್ನು ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಯು ಸದಸ್ಯನನ್ನಾಗಿ ಆರಿಸಿಕೊಂಡಿತು. ಚಿಕ್ಕ ಊರಾದ ಶೋಪಿಂಗಿನಲ್ಲಿ ಅಂಗಡಿ ನಡೆಸುತ್ತ, ವಿಷಪದಾರ್ಥಗಳ ನಡುವೆ ದುಡಿದು, 1786ರ ಮೇ 21ರಂದು ಕೇವಲ 43ರ ಪ್ರಾಯದಲ್ಲಿ ಅವನು ತೀರಿಕೊಂಡನು.

ಇಂದು ಬೀದರಿನ ಕಿರಾಣಿ ಅಂಗಡಿಯಲ್ಲಿಯೂ ಸಿಟ್ರಿಕ್ ಆಮ್ಲದ ಬಿಳಿಯ ಹರಳು ಸಿಗುವುದು. ಶರಬತ್ತಿಗೆ, ಜಾಮಿಗೆ, ಪಾತ್ರೆಯಲ್ಲಿ ಕಟ್ಟಿದ ಗಡಸುನೀರಿನ ಸುಣ್ಣ ತೆಗೆಯಲು ಅದು ಬೇಕು. ಈಗ ಅದನ್ನು ಹೆಚ್ಚಾಗಿ ಲಿಂಬೆಯಿಂದಲ್ಲ, ಸಕ್ಕರೆಯ ದ್ರಾವಣದಲ್ಲಿ ಒಂದು ಬಗೆಯ ಬೂಷ್ಟನ್ನು ಬೆಳೆಸಿ ತಯಾರಿಸುವರು.

ನಮ್ಮ ಮನೆತನದಲ್ಲಿ ಪದವಿಯವರೆಗೆ ಬಂದವನು ನಾನೇ ಮೊದಲಿಗ. ನನ್ನ ಓದಿಗಾಗಿ ಅಣ್ಣ ತನ್ನ ಓದನ್ನು ಬಿಟ್ಟು ಭಾಲ್ಕಿಯ ಔಷಧಿಯಂಗಡಿಯೊಂದರಲ್ಲಿ ದುಡಿಯುತ್ತಾನೆ. ಅಣ್ಣನ ಕೆಲಸವೇನೆಂದು ಗೆಳೆಯರು ಕೇಳಿದಾಗ ನಾನು ಮಾತು ಮರೆಸಿದ್ದುಂಟು. ಶೀಲೆಯ ಚರಿತ್ರೆಯನ್ನು ಓದಿದ ಮೇಲೆ ಆ ನಾಚಿಕೆಗಾಗಿ ನಾಚಿದೆನು. ಪದವಿ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಬೆಲೆ ತೆತ್ತವನು ಅಣ್ಣನೆಂಬುದನ್ನು ಬಲ್ಲೆ. ಈ ಸಂಚಿಕೆ ಕೈಸೇರಿದೊಡನೆ ಭಾಲ್ಕಿಗೆ ಹೋಗಿ, ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಇದನ್ನು ಮೊದಲು ಅವನಿಗೇ ಓದಿ ಹೇಳುವೆನು.