ಪರ್ವತ ಗೆದ್ದ ಪಂಟಾನಿ, ಬೆನ್ನು ಬಿಡದ ಸಂಶಯ

1999ರ ಜೂನ್ 5ರ ಬೆಳಗ್ಗೆ. ಇಟಲಿಯ ಬೆಟ್ಟದೂರು ಮಡೋನ್ನಾ ದಿ ಕಾಂಪಿಲಿಯೊದಲ್ಲಿ ಸೈಕಲ್ ಸವಾರ ಮಾರ್ಕೊ ಪಂಟಾನಿ ಅವರ ರಕ್ತ ಪರೀಕ್ಷೆ ನಡೆಯಿತು. ಗಿರೋ ಡಿ ಇಟಾಲಿಯಾ ಮುಗಿಯಲು ಎರಡೇ ಹಂತಗಳು ಬಾಕಿ. ಅವರ ಮುನ್ನಡೆ ಐದು ನಿಮಿಷಕ್ಕೂ ಹೆಚ್ಚು. ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ ಶೇ 52 ಎಂದು ವರದಿ ಬಂತು. ಮಿತಿ ಶೇ 50. ಅಂದೇ ಅವರನ್ನು ಸ್ಪರ್ಧೆಯಿಂದ ಹೊರಹಾಕಲಾಯಿತು.

1970ರ ಜನವರಿ 13ರಂದು ಜನಿಸಿದ ಪಂಟಾನಿ ಬೆಳೆದದ್ದು ಕಡಲತೀರದ ಚೆಸೆನಾಟಿಕೊದಲ್ಲಿ. ತಂದೆ ಕೊಳಾಯಿ ಕೆಲಸದವರು. ಸಮುದ್ರದೂರಿನ ಈ ಸಣ್ಣ ದೇಹದ ಯುವಕ ಮೆರೆದದ್ದು ಮಾತ್ರ ಪರ್ವತಗಳಲ್ಲಿ. ಬೋಳು ತಲೆಗೆ ಕರವಸ್ತ್ರ, ಕಿವಿಯಲ್ಲಿ ಓಲೆ. ಅಭಿಮಾನಿಗಳು ಕಡಲ್ಗಳ್ಳನೆಂದೇ ಕರೆದರು. ಬೀದರ್‌ನಿಂದ ಕಮಠಾಣದವರೆಗಿನ ದಾರಿಯುದ್ದಕ್ಕೂ ಬರೀ ಏರೇ ಇದೆ ಎಂದು ಊಹಿಸಿಕೊಂಡರೆ ಆಲ್ಪ್ಸ್‌ನ ಆಲ್ಪ್ ದುಯೆಜ್ ಏರು ಎಂಥದ್ದೆಂಬುದು ತಿಳಿದೀತು. ಅಲ್ಲಿ ಅವರು 1995 ಮತ್ತು 1997ರಲ್ಲಿ ಗೆದ್ದರು.

1998ರಲ್ಲಿ ಗಿರೋ ಮತ್ತು ಟೂರ್ ಡಿ ಫ್ರಾನ್ಸ್ ಎರಡನ್ನೂ ಒಂದೇ ವರ್ಷ ಗೆದ್ದರು. ಜುಲೈ 27ರಂದು ಸುರಿವ ಮಳೆಯಲ್ಲಿ ಗಾಲಿಬಿಯೆ ಪರ್ವತದ ಏರಿನಲ್ಲಿ ದಾಳಿ ನಡೆಸಿ, ಯಾನ್ ಉಲ್‌ರಿಚ್ ಅವರನ್ನು ಸುಮಾರು ಒಂಬತ್ತು ನಿಮಿಷ ಹಿಂದಿಕ್ಕಿದ ದಿನವನ್ನು ಇಟಲಿ ಇನ್ನೂ ಮರೆತಿಲ್ಲ. ಫೆಸ್ಟಿನಾ ತಂಡದ ಕಾರಿನಲ್ಲಿ ಉದ್ದೀಪನ ಮದ್ದು ಸಿಕ್ಕಿ ಹಗರಣವೆದ್ದ ವರ್ಷವೂ ಅದೇ. ಕಳಂಕಿತ ಕ್ರೀಡೆಯ ಮಾನ ಉಳಿಸಿದವರೆಂದು ಪಂಟಾನಿಯವರನ್ನು ಹೊಗಳಲಾಯಿತು.

ಆಗ ಎಲ್ಲರ ಬಾಯಲ್ಲಿದ್ದ ಮದ್ದು ಎರಿಥ್ರೊಪೊಯೆಟಿನ್, ಅಂದರೆ ಇಪಿಒ. ಮೂತ್ರಪಿಂಡದಲ್ಲಿ ಸಹಜವಾಗಿ ಉತ್ಪತ್ತಿಯಾಗುವ ಈ ಹಾರ್ಮೋನನ್ನು ಹೊರಗಿನಿಂದ ಚುಚ್ಚಿಕೊಂಡರೆ ಕೆಂಪುಕಣಗಳು ಹೆಚ್ಚಿ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ದೊರೆಯುತ್ತದೆ. ರಕ್ತ ಗಟ್ಟಿಯಾಗಿ ಪ್ರಾಣಕ್ಕೂ ಕುತ್ತು. ಅದನ್ನು ನೇರವಾಗಿ ಪತ್ತೆ ಮಾಡುವ ಪರೀಕ್ಷೆ ಬಳಕೆಗೆ ಬಂದದ್ದು 2000ರ ಸಿಡ್ನಿ ಒಲಿಂಪಿಕ್ಸ್ ವೇಳೆಗೆ. ಅಲ್ಲಿಯವರೆಗಿದ್ದ ಶೇ 50ರ ನಿಯಮ ಕಳ್ಳನನ್ನು ಹಿಡಿಯಲಾಗದೆ ಹೆಜ್ಜೆ ಗುರುತು ಅಳೆದಂತೆ. ಹಾಗಾಗಿ 1999ರ ಕ್ರಮವೂ ಕಾಗದದ ಮೇಲೆ ಶಿಕ್ಷೆಯಲ್ಲ, ಆರೋಗ್ಯದ ಕಾರಣಕ್ಕೆ 15 ದಿನಗಳ ವಿರಾಮ. ಜನ ಮಾತ್ರ ತೀರ್ಪು ಕೊಟ್ಟಾಗಿತ್ತು.

ಹಳೆಯ ಕಡತಗಳೂ ತೆರೆದುಕೊಂಡವು. 1995ರ ಮಿಲಾನೊ-ಟೊರಿನೊ ಸ್ಪರ್ಧೆಯಲ್ಲಿ ಕಾರಿಗೆ ಡಿಕ್ಕಿಯಾಗಿ ಕಾಲು ಮುರಿದು ಆಸ್ಪತ್ರೆ ಸೇರಿದಾಗ ಅದೇ ಪ್ರಮಾಣ ಶೇ 60 ದಾಟಿತ್ತು. 2000ದಲ್ಲಿ ನ್ಯಾಯಾಲಯ ದೋಷಿಯೆಂದಿತು; ಆ ಕಾಲಕ್ಕೆ ಅನ್ವಯಿಸುವ ಕಾನೂನೇ ಇರಲಿಲ್ಲವೆಂದು ಮೇಲ್ಮನವಿಯಲ್ಲಿ ತೀರ್ಪು ಬಿದ್ದುಹೋಯಿತು. 2001ರ ಗಿರೋ ವೇಳೆ ಪೊಲೀಸ್ ದಾಳಿಯಲ್ಲಿ ಅವರ ಕೊಠಡಿಯಲ್ಲಿ ಇನ್ಸುಲಿನ್ ಸಿರಿಂಜ್ ಸಿಕ್ಕಿತೆಂದು ಮರುವರ್ಷ ನಿಷೇಧ. ತಮ್ಮದಲ್ಲವೆಂದು ಅವರು ವಾದಿಸಿದರು.

ನಡುವೆ 2000ದ ಟೂರ್‌ನಲ್ಲಿ ಎರಡು ಹಂತ ಗೆದ್ದದ್ದುಂಟು. ಆದರೆ ಖಿನ್ನತೆ, ಕೊಕೇನ್ ಅವರನ್ನು ಬಿಡಲಿಲ್ಲ. 2004ರ ಫೆಬ್ರುವರಿ 14ರಂದು ರಿಮಿನಿಯ ಹೋಟೆಲ್ ಕೋಣೆಯಲ್ಲಿ ಒಂಟಿಯಾಗಿ ಸತ್ತು ಬಿದ್ದಿದ್ದರು. ವಯಸ್ಸು 34. ಕೊಕೇನ್ ವಿಷವೇ ಕಾರಣವೆಂದು ತನಿಖೆ ಹೇಳಿತು, ತಾಯಿ ಒಪ್ಪಲಿಲ್ಲ.

2013ರ ಜುಲೈನಲ್ಲಿ ಫ್ರಾನ್ಸ್ ಸೆನೆಟ್ ವರದಿ ಹೊರಬಂತು. ಶೈತ್ಯಾಗಾರದಲ್ಲಿದ್ದ 1998ರ ಮಾದರಿಗಳ ಮರುಪರೀಕ್ಷೆಯಲ್ಲಿ ಪಂಟಾನಿ, ಎರಡನೆಯವರಾದ ಉಲ್‌ರಿಚ್, ಮೂರನೆಯವರಾದ ಬಾಬಿ ಜೂಲಿಚ್ ಮೂವರಲ್ಲೂ ಇಪಿಒ ಕಂಡಿತ್ತು. ಉತ್ತರಿಸಲು ಪಂಟಾನಿ ಇರಲಿಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳು ಕಿರೀಟಗಳನ್ನು ಹಿಂದಿನ ವರ್ಷವಷ್ಟೇ ಕಿತ್ತುಕೊಳ್ಳಲಾಗಿತ್ತು. ಇವರ ಪ್ರಶಸ್ತಿಯನ್ನು ಯಾರೂ ಮುಟ್ಟಲಿಲ್ಲ. 2024ರ ಜೂನ್ 30ರಂದು ಟೂರ್ ಡಿ ಫ್ರಾನ್ಸ್‌ನ ಎರಡನೇ ಹಂತ ಚೆಸೆನಾಟಿಕೊದಿಂದಲೇ ಹೊರಟಿತು.