ಗುರುದತ್: ನೋಟಗಳನ್ನು ಜೋಡಿಸಿದ ನಿರ್ದೇಶಕ

ನಮ್ಮ ಮನೆಮಾತು ಉರ್ದು. ದಾದಿಗೆ ಗುರುದತ್ ಸಿನಿಮಾಗಳೆಂದರೆ ಪ್ರಾಣ. ಅವರು ನಮ್ಮ ಬೆಂಗಳೂರಿನಲ್ಲಿ, 1925ರ ಜುಲೈ 9ರಂದು ಹುಟ್ಟಿದವರು ಎಂದರೆ ದಾದಿ ನಂಬಲೇ ಇಲ್ಲ. ಪಡುಕೋಣೆ ಎಂಬ ಅಡ್ಡಹೆಸರು ಪರದೆಯ ಮೇಲೆ ಬರುತ್ತಿರಲಿಲ್ಲವಲ್ಲ! ಮನೆಯಲ್ಲಿ ಕೊಂಕಣಿ, ಬೆಳೆದದ್ದು ಕಲ್ಕತ್ತಾದಲ್ಲಿ, ಸಿನಿಮಾ ಮಾಡಿದ್ದು ನಮ್ಮ ಮನೆಯ ಮಾತಿನಲ್ಲಿ. ಬಸ್ಸಿನಲ್ಲಿ ತುಳು, ಬ್ಯಾರಿ ಕೇಳುತ್ತಾ ಬಂದು ತರಗತಿಯಲ್ಲಿ ಕನ್ನಡ ಬರೆಯುವ ರಾಮಕುಂಜದವರಿಗೆ ಇದು ವಿಚಿತ್ರವಲ್ಲ.

ಅವರು ಅಲ್ಮೋರಾದಲ್ಲಿ ಉದಯಶಂಕರರ ಬಳಿ ನೃತ್ಯ ಕಲಿತರು. ಸ್ವಲ್ಪ ಕಾಲ ಕಲ್ಕತ್ತಾದ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. 1944ರಲ್ಲಿ ಪುಣೆಯ ಪ್ರಭಾತ್ ಕಂಪನಿ ಸೇರಿದರು. 1951ರ 'ಬಾಜಿ' ಅವರು ನಿರ್ದೇಶಿಸಿದ ಮೊದಲ ಚಿತ್ರ.

ಸಿನಿಮಾವನ್ನು ತುಂಡು ತುಂಡಾಗಿ ಚಿತ್ರೀಕರಿಸುತ್ತಾರೆ. ಇಂದಿನ ಶಾಟಿನ ಪಕ್ಕ ಮುಂದಿನ ವಾರದ ಶಾಟ್ ಬರಬಹುದು. ಜೋಡಿಸಿದ್ದು ನೋಡುವವರಿಗೆ ಗೊತ್ತಾಗಬಾರದು. ಇದೇ ಕಂಟಿನ್ಯುಯಿಟಿ. ಬಟ್ಟೆ, ಕೈಯಲ್ಲಿರುವ ಲೋಟ ಒಂದೇ ಆಗಿದ್ದರೆ ಸಾಲದು. ಎದುರುಬದುರು ನಿಂತವರಲ್ಲಿ ಒಬ್ಬರು ಪರದೆಯ ಬಲಕ್ಕೆ ನೋಡಿದರೆ ಇನ್ನೊಬ್ಬರು ಎಡಕ್ಕೆ ನೋಡಬೇಕು. ಅದಕ್ಕಾಗಿ ಕ್ಯಾಮರಾ ಇಬ್ಬರ ನಡುವಿನ ಗೆರೆಯ ಒಂದೇ ಬದಿಯಲ್ಲಿರಬೇಕು.

ಗುರುದತ್ ಈ ನೋಟದಿಂದಲೇ ಕಥೆ ಹೇಳಿದರು. 1957ರ 'ಪ್ಯಾಸಾ'ದಲ್ಲಿ ಪ್ರಕಾಶಕನ ಮನೆಯ ಔತಣದಲ್ಲಿ ಬಡಕವಿ ವಿಜಯ್ ಹಾಡುತ್ತಾನೆ. ಈ ಪಾತ್ರ ಗುರುದತ್ ಅವರದ್ದೇ. ಅವನ ಹಳೆಯ ಗೆಳತಿ ಮೀನಾ ಈಗ ಪ್ರಕಾಶಕನ ಹೆಂಡತಿ. ಅವಳು ವಿಜಯ್‌ನನ್ನು ನೋಡುತ್ತಾಳೆ, ಗಂಡ ಅವಳ ಮುಖವನ್ನು ನೋಡುತ್ತಾನೆ. ಯಾರೂ ಏನೂ ಹೇಳುವುದಿಲ್ಲ, ಆದರೂ ಗಂಡನಿಗೆ ಅನುಮಾನ ಹತ್ತುತ್ತದೆ. ಮೊಬೈಲಿನ ಸದ್ದು ತೆಗೆದು ನೋಡಿ, ಆಗಲೂ ಅರ್ಥವಾಗುತ್ತದೆ. ಅವರ ಎಷ್ಟೋ ಹಾಡುಗಳು ಮೊದಲು ವಾದ್ಯ ಬಾರಿಸದೆ ಮಾತಿನಿಂದ ನೇರವಾಗಿ ಶುರುವಾಗುವುದೂ ಇದೇ ಕಾರಣಕ್ಕೆ ಎಂದು ನನಗೆ ಅನಿಸುತ್ತದೆ; ಅಲ್ಲಿಯೂ ಕಥೆ ತುಂಡಾಗುವುದಿಲ್ಲ.

ಈ ಚಿತ್ರಗಳ ಸಂಕಲನಕಾರ ವೈ.ಜಿ. ಚವ್ಹಾಣ್. ಛಾಯಾಗ್ರಾಹಕ ಮೈಸೂರಿನ ವಿ.ಕೆ. ಮೂರ್ತಿ.

ಕಾಮರ್ಸ್ ವಿದ್ಯಾರ್ಥಿಯಾಗಿ ನಾನು ಲೆಕ್ಕವನ್ನೂ ನೋಡಿದೆ. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಿಂದ ಭಾರಿ ನಷ್ಟವಾಯಿತು. ಆಮೇಲೆ ನಿರ್ದೇಶಕ ಎಂದು ತಮ್ಮ ಹೆಸರನ್ನು ಅವರು ಎಲ್ಲಿಯೂ ಹಾಕಿಕೊಳ್ಳಲಿಲ್ಲ. ಮರುವರ್ಷ ಅವರೇ ನಿರ್ಮಿಸಿದ, ಎಂ. ಸಾದಿಕ್ ನಿರ್ದೇಶನದ 'ಚೌದ್ವೀ ಕಾ ಚಾಂದ್' ಗೆದ್ದಿತು. ಲಖನೌದ ಈ ಕಥೆಯಲ್ಲಿ ಒಮ್ಮೆ ಕಂಡ ಮುಖ ನಖಾಬಿನ ಹಿಂದೆ ಮರೆಯಾಗುವುದರಿಂದಲೇ ಗೆಳೆಯರ ಬದುಕು ಗೊಂದಲಕ್ಕೆ ಬೀಳುತ್ತದೆ.

1964ರ ಅಕ್ಟೋಬರ್ 10ರಂದು ಗುರುದತ್ ತೀರಿಕೊಂಡಾಗ ಅವರಿಗೆ ಬರೀ 39 ವರ್ಷ. 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ವಿ.ಕೆ. ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.