ಪರೇಲಿನ ಪುಣ್ಯಾತ್ಮ: ವಾಲ್ಡೆಮಾರ್ ಹಾಫ್‌ಕಿನ್

ಮುಂಬಯಿಯ ಕನ್ನಡಿಗರಾದ ನಮಗೆ ಪರೇಲ್ ಹೊಸ ಜಾಗವಲ್ಲ. ಊರಿನಿಂದ ಬಂದ ರೋಗಿಯನ್ನು ಕೆ.ಇ.ಎಂ. ಆಸ್ಪತ್ರೆಗೋ ಟಾಟಾ ಆಸ್ಪತ್ರೆಗೋ ಕರೆದುಕೊಂಡು ಹೋಗದ ಕನ್ನಡ ಮನೆ ಈ ನಗರದಲ್ಲಿ ವಿರಳವೆಂದೇ ಹೇಳಬೇಕು. ಆ ಆಸ್ಪತ್ರೆಗಳ ಸಮೀಪದಲ್ಲಿಯೇ ಒಂದು ವಿಶಾಲವಾದ ಆವರಣವಿದೆ. ಅದರೊಳಗೆ ಶತಮಾನಗಳನ್ನು ಕಂಡ ಒಂದು ಭವ್ಯವಾದ ಕಟ್ಟಡವಿದೆ. ಅದೇ ಹಾಫ್‌ಕಿನ್ ಸಂಸ್ಥೆ. ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ಹೆಸರಿನ ಮನುಷ್ಯ ಯಾರು, ಎಲ್ಲಿಂದ ಬಂದ, ಈ ದೇಶಕ್ಕೆ ಏನು ಕೊಟ್ಟ, ಈ ದೇಶವನ್ನಾಳುತ್ತಿದ್ದ ಸರಕಾರ ಅವನಿಗೆ ಏನು ಕೊಟ್ಟಿತು ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ನಮ್ಮ ಹುಬ್ಬಳ್ಳಿ, ಧಾರವಾಡ, ಗದಗುಗಳ ಎಷ್ಟೋ ಮನೆತನಗಳು ಇಂದು ಉಳಿದು ಬೆಳೆದಿರುವುದರಲ್ಲಿ ಆತನ ಋಣವೂ ಸ್ವಲ್ಪ ಸೇರಿದೆ. ಆದ್ದರಿಂದ ಈ ರಾಜ್ಯೋತ್ಸವದ ಸಂದರ್ಭದಲ್ಲಿ ಆ ಮಹನೀಯರ ಜೀವನವನ್ನು ನೆನೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ವಾಲ್ಡೆಮಾರ್ ಹಾಫ್‌ಕಿನ್ನರು 1860ರ ಮಾರ್ಚ್ 15ರಂದು ಕಪ್ಪುಸಮುದ್ರದ ದಡದ ಒಡೆಸ್ಸಾ ನಗರದಲ್ಲಿ, ಯೆಹೂದಿ ವರ್ತಕರ ಮನೆಯಲ್ಲಿ ಜನಿಸಿದರು. ಅಂದು ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು; ಇಂದು ಯುಕ್ರೇನ್ ದೇಶದಲ್ಲಿದೆ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರಿಗೆ ದೊರೆತ ಗುರುಗಳು ಜಗತ್ಪ್ರಸಿದ್ಧ ವಿಜ್ಞಾನಿ ಮೆಚ್ನಿಕಾಫರು. ಶಿಷ್ಯನ ಬುದ್ಧಿ ಚುರುಕಾಗಿತ್ತು, ಮನಸ್ಸೂ ಬಿಸಿಯಾಗಿತ್ತು. ಯೆಹೂದಿಗಳ ಮೇಲೆ ಪುಂಡರ ಗುಂಪು ಎರಗಿದಾಗ ತನ್ನವರ ರಕ್ಷಣೆಗೆ ನಿಂತು ಅವರು ಗಾಯಗೊಂಡರು, ಸೆರೆಯನ್ನೂ ಕಂಡರು. ಮೆಚ್ನಿಕಾಫರು ನಡುವೆ ಬಂದುದರಿಂದ ಬಿಡುಗಡೆಯಾಯಿತು. ಮತವನ್ನು ಬದಲಿಸಿಕೊಂಡರೆ ಪ್ರಾಧ್ಯಾಪಕರ ಪೀಠ ಸಿಕ್ಕೀತು ಎಂಬ ಸ್ಥಿತಿ ಇತ್ತು. ಹಾಫ್‌ಕಿನ್ನರು ಮತವನ್ನು ಬಿಡಲಿಲ್ಲ, ಪೀಠವನ್ನು ಬಿಟ್ಟರು.

1888ರಲ್ಲಿ ಅವರು ಸ್ವದೇಶವನ್ನು ತೊರೆದು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರಿಗೆ ಸಿಕ್ಕಿದ ಕೆಲಸ ಪುಸ್ತಕಭಂಡಾರದ ಸಹಾಯಕನದು. ಕೆಲಸ ಸಣ್ಣದೆಂದು ಅವರು ಕೊರಗಲಿಲ್ಲ; ಬಿಡುವಿನ ವೇಳೆಯನ್ನೆಲ್ಲ ಪ್ರಯೋಗಶಾಲೆಯಲ್ಲಿ ಕಳೆದು ಕಾಲರಾ ರೋಗಕ್ಕೆ ಲಸಿಕೆಯನ್ನು ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ. ಅನ್ಯರ ಮೇಲೆ ಪ್ರಯೋಗ ಮಾಡುವ ಮೊದಲು ತನ್ನ ಮೇಲೆ ಮಾಡಿಕೊಳ್ಳಬೇಕೆಂಬುದು ಅವರು ಜೀವನದುದ್ದಕ್ಕೂ ಪಾಲಿಸಿದ ನೇಮ.

ಕಾಲರಾದ ತವರು ಬಂಗಾಳ. ಹಿಂದೆ ವೈಸರಾಯರಾಗಿದ್ದ ಡಫರಿನ್ ಪ್ರಭುಗಳು ಆಗ ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ರಾಯಭಾರಿಗಳಾಗಿದ್ದರು. ಅವರ ನೆರವಿನಿಂದ ಹಾಫ್‌ಕಿನ್ನರು 1893ರಲ್ಲಿ ಕಲ್ಕತ್ತೆಗೆ ಬಂದಿಳಿದರು. ಎರಡು ವರ್ಷ ಊರೂರು ಅಲೆದು ಸುಮಾರು ನಲವತ್ತೆರಡು ಸಾವಿರ ಜನರಿಗೆ ಲಸಿಕೆ ಹಾಕಿದರು. ಕಲ್ಕತ್ತೆಯ ಒಂದು ಕೊಳೆಗೇರಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಅಲ್ಲಿನ ಸುಮಾರು ಇನ್ನೂರು ನಿವಾಸಿಗಳಲ್ಲಿ 116 ಜನ ಲಸಿಕೆ ಹಾಕಿಸಿಕೊಂಡರು. ಅನಂತರ ರೋಗ ತಗುಲಿದ್ದು ಹಾಕಿಸಿಕೊಳ್ಳದವರಿಗೆ ಮಾತ್ರ.

ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ಔಷಧಿ ಕೊಟ್ಟೆವು, ರೋಗಿ ಬದುಕಿದ, ಆದ್ದರಿಂದ ಔಷಧಿ ಒಳ್ಳೆಯದು ಎಂದು ಹೇಳುವುದು ಸುಲಭ. ಔಷಧಿ ಇಲ್ಲದೆಯೂ ಅವನು ಬದುಕುತ್ತಿರಲಿಲ್ಲವೆಂದು ಹೇಗೆ ತಿಳಿಯುವುದು? ಒಂದೇ ಗಾಳಿ, ಒಂದೇ ನೀರು, ಒಂದೇ ಅನ್ನದ ಮೇಲೆ ಬದುಕುವ ಜನರಲ್ಲಿ ಕೆಲವರಿಗೆ ಕೊಟ್ಟು, ಉಳಿದವರ ಜೊತೆ ಹೋಲಿಸಿ ನೋಡಿದರೆ ಮಾತ್ರ ಸತ್ಯ ಹೊರಬೀಳುತ್ತದೆ. ಇಂದು ಸರಕಾರಗಳು ಯಾವ ಲಸಿಕೆಗೆ ಒಪ್ಪಿಗೆ ಕೊಡಬೇಕಾದರೂ ಇಂಥ ಹೋಲಿಕೆಯನ್ನೇ ಕೇಳುತ್ತವೆ. ಆ ಕಾಲದಲ್ಲಿಯೇ ಹಾಫ್‌ಕಿನ್ನರು ಆ ಪದ್ಧತಿಯನ್ನು ಹಿಡಿದು ನಡೆದರು.

ಇಷ್ಟರಲ್ಲಿ ಮುಂಬಯಿಗೆ ಮಹಾಮಾರಿ ಕಾಲಿಟ್ಟಿತು. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಡಾಕ್ಟರ್ ವಿಯೆಗಾಸರು ಮೊದಲ ಪ್ಲೇಗು ರೋಗಿಗಳನ್ನು ಗುರುತಿಸಿದರು. ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಡ್ಡೆ, ಮೈಸುಡುವ ಜ್ವರ, ನಾಲ್ಕಾರು ದಿನಗಳಲ್ಲಿ ಸಾವು. ಜನ ನಗರವನ್ನು ಬಿಟ್ಟು ಓಡತೊಡಗಿದರು. ಓಡಿದವರೊಂದಿಗೆ ರೋಗವೂ ಓಡಿತು. ಮುಂದಿನ ಕೆಲವು ದಶಕಗಳಲ್ಲಿ ಈ ದೇಶದಲ್ಲಿ ಪ್ಲೇಗಿಗೆ ಬಲಿಯಾದವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.

ಸರಕಾರದ ಕರೆಯಂತೆ ಹಾಫ್‌ಕಿನ್ನರು ಅಕ್ಟೋಬರಿನಲ್ಲಿ ಮುಂಬಯಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟೇ ಬಲದಿಂದ ಹಗಲಿರುಳೆನ್ನದೆ ದುಡಿದರು. ಮಾಂಸದ ಸಾರಿನ ಮೇಲೆ ತುಪ್ಪದ ತೊಟ್ಟುಗಳನ್ನು ತೇಲಬಿಟ್ಟು, ಅದರಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬೆಳೆಸಿದರು. ಅವು ತುಪ್ಪದ ತೊಟ್ಟಿನಿಂದ ಕೆಳಕ್ಕೆ ಬಿಳಲುಗಳಂತೆ ಇಳಿದು ಹೇರಳವಾಗಿ ಬೆಳೆದವು. ಆಮೇಲೆ ಅವನ್ನು ಕಾಯಿಸಿ ಕೊಂದು ಲಸಿಕೆ ಮಾಡಿದರು. ಸತ್ತ ಕ್ರಿಮಿಗೆ ರೋಗ ತರುವ ಶಕ್ತಿಯಿಲ್ಲ. ಆದರೆ ಶತ್ರುವಿನ ಚಹರೆಯನ್ನು ಶರೀರಕ್ಕೆ ಪರಿಚಯಿಸುವ ಶಕ್ತಿ ಇದೆ. ನಿಜವಾದ ಶತ್ರು ಬಂದಾಗ ಶರೀರ ಸಿದ್ಧವಾಗಿರುತ್ತದೆ.

1897ರ ಜನವರಿ 10ರಂದು ಹಾಫ್‌ಕಿನ್ನರು ಆ ಲಸಿಕೆಯನ್ನು ತಮಗೇ ಚುಚ್ಚಿಕೊಂಡರು. ಜ್ವರ ಬಂತು, ನೋವಾಯಿತು, ಇಳಿಯಿತು. ಅದೇ ತಿಂಗಳ ಕೊನೆಗೆ ಬೈಕಲ್ಲಾ ಸೆರೆಮನೆಯಲ್ಲಿ ಪ್ಲೇಗು ತಲೆದೋರಿತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿ ಮುಂದೆ ಬಂದು ಲಸಿಕೆ ಪಡೆದರು. ಅನಂತರದ ದಿನಗಳಲ್ಲಿ ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂತು, ಅವರೂ ಬದುಕಿದರು. ಮರುವರ್ಷ ಬರೋಡಾ ಸಂಸ್ಥಾನದ ಉಂಧೇರಾ ಗ್ರಾಮದಲ್ಲಿ ಪ್ರತಿಯೊಂದು ಕುಟುಂಬದ ಅರ್ಧದಷ್ಟು ಜನರಿಗೆ ಲಸಿಕೆ ಹಾಕಲಾಯಿತು. ರೋಗ ಹೊಕ್ಕ ಮನೆಗಳಲ್ಲಿ ಲಸಿಕೆ ಪಡೆದಿದ್ದ 71 ಜನರಲ್ಲಿ ಸತ್ತವರು 3. ಪಡೆಯದ 64 ಜನರಲ್ಲಿ ಸತ್ತವರು 26. ಈ ಅಂಕೆಗಳ ಹಿಂದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಅಣ್ಣತಮ್ಮಂದಿರಿದ್ದಾರೆ ಎಂಬುದನ್ನು ನೆನೆದರೆ ಎದೆ ಜುಂ ಎನ್ನುತ್ತದೆ.

ಆ ಕಾಲದಲ್ಲಿ ಸರಕಾರದ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇತ್ತು. ಅದು ಬಲಾತ್ಕಾರ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಸಿಪಾಯಿಗಳು ಮನೆಗಳಿಗೆ ನುಗ್ಗಿದರು. ರೋಗಿಯನ್ನು ಎಳೆದೊಯ್ದರು, ಸಾಮಾನುಗಳನ್ನು ಸುಟ್ಟರು. ಪುಣೆಯಲ್ಲಿ ಜನರ ಕೋಪ ಉಕ್ಕಿ, ಪ್ಲೇಗು ಅಧಿಕಾರಿ ರ‍್ಯಾಂಡ್ ಆ ವರ್ಷದ ಜೂನಿನಲ್ಲಿ ಗುಂಡೇಟಿಗೆ ಗುರಿಯಾದನು. ಅದೇ ಪುಣೆಯಲ್ಲಿ, ಅದೇ ವರ್ಷದ ಮಾರ್ಚಿಯಲ್ಲಿ, ಪ್ಲೇಗು ರೋಗಿಗಳ ಸೇವೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರು ಪ್ರಾಣಬಿಟ್ಟರು. ದಂಡದಿಂದ ಆಗದ ಕೆಲಸ ವಿಶ್ವಾಸದಿಂದ ಆದೀತೆಂದು ಹಾಫ್‌ಕಿನ್ನರು ನಂಬಿದ್ದರು. ಲಸಿಕೆ ಸ್ವಂತ ಇಚ್ಛೆಯಿಂದಲೇ ಆಗಬೇಕೆಂಬುದು ಅವರ ಹಟ. ಖೋಜಾ ಸಮಾಜದ ಮುಖ್ಯಸ್ಥರಾದ ತರುಣ ಆಗಾಖಾನರು ಎಲ್ಲರೆದುರು ತಾವೇ ಲಸಿಕೆ ಹಾಕಿಸಿಕೊಂಡು ತಮ್ಮವರ ಅಂಜಿಕೆಯನ್ನು ಕಳೆದರು. ಪ್ರಯೋಗಶಾಲೆಗೆ ತಮ್ಮ ಕಟ್ಟಡವನ್ನೂ ಬಿಟ್ಟುಕೊಟ್ಟರು.

1898ರಲ್ಲಿ ಪ್ಲೇಗು ನಮ್ಮ ನಾಡನ್ನು ಹೊಕ್ಕಿತು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತೆಂಬುದನ್ನು ಹಿರಿಯರಿಗೆ ನೆನಪಿಸಬೇಕಾಗಿಲ್ಲ. ರೈಲ್ವೆ ಕಾರ್ಖಾನೆಯ ಊರಾದ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯ ಲ್ಯೂಮನ್ ಎಂಬವರು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಾಫ್‌ಕಿನ್ನರ ಲಸಿಕೆ ಹಾಕಿದರು. ಧಾರವಾಡ, ಗದಗುಗಳಲ್ಲಿಯೂ ಜನ ಮುಂದೆ ಬಂದರು. ಹುಬ್ಬಳ್ಳಿಯ ಲೆಕ್ಕಾಚಾರ ದೇಶವಿದೇಶಗಳ ವೈದ್ಯಪತ್ರಿಕೆಗಳಲ್ಲಿ ಚರ್ಚೆಗೆ ಬಂದಿತು. ಅದೇ ವರ್ಷ ಬೆಂಗಳೂರನ್ನೂ ಪ್ಲೇಗು ಹಿಡಿಯಿತು. ಇಕ್ಕಟ್ಟಾದ ಹಳೆಯ ಪೇಟೆಯಿಂದ ಜನ ಹೊರಗೆ ಬಂದು ಗಾಳಿಬೆಳಕಿನ ಬಡಾವಣೆಗಳಲ್ಲಿ ನೆಲೆಸಬೇಕೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿ ಬೆಳೆಸಲಾಯಿತು. ಮಹಾಮಾರಿ ಬಂದು ಹೋದ ಗುರುತು ನಮ್ಮ ರಾಜಧಾನಿಯ ಬೀದಿಗಳಲ್ಲಿಯೇ ಉಳಿದಿದೆ.

1899ರ ಆಗಸ್ಟಿನಲ್ಲಿ ಪ್ರಯೋಗಶಾಲೆಗೆ ಪರೇಲಿನ ಹಳೆಯ ಗವರ್ನರ್ ಬಂಗಲೆ ದೊರೆಯಿತು. ಒಬ್ಬ ಗವರ್ನರರ ಪತ್ನಿ ಅಲ್ಲಿಯೇ ಕಾಲರಾದಿಂದ ತೀರಿಕೊಂಡ ಮೇಲೆ ಗವರ್ನರರು ವಾಸವನ್ನು ಮಲಬಾರ್ ಹಿಲ್ಲಿಗೆ ಬದಲಾಯಿಸಿದ್ದರು. ಕಾಲರಾಕ್ಕೆ ಲಸಿಕೆ ಕಂಡುಹಿಡಿದವರೇ ಆ ಮನೆಯನ್ನು ಪ್ರವೇಶಿಸಿದ್ದು ವಿಧಿಯ ಲೀಲೆ. ಒಂದು ಕೋಣೆಯಲ್ಲಿ ಹುಟ್ಟಿದ ಸಂಸ್ಥೆ ಅರಮನೆಯನ್ನು ಸೇರಿತು; ದೇಶದ ನಾನಾ ಪ್ರಾಂತಗಳಿಗೆ ಲಸಿಕೆ ಇಲ್ಲಿಂದಲೇ ಹೋಗತೊಡಗಿತು.

ಆದರೆ ಏರಿದ ದೀಪಕ್ಕೆ ಗಾಳಿಯೂ ಹೆಚ್ಚು. 1902ರಲ್ಲಿ ಪಂಜಾಬ್ ಸರಕಾರ ಲಕ್ಷಗಟ್ಟಲೆ ಜನರಿಗೆ ಲಸಿಕೆ ಬೇಕೆಂದಿತು. ಬೇಡಿಕೆಯನ್ನು ಪೂರೈಸಲು ಹಾಫ್‌ಕಿನ್ನರು ತಯಾರಿಕೆಯಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಪಾಶ್ಚರ್ ಸಂಸ್ಥೆಯಲ್ಲಿ ರೂಢಿಯಲ್ಲಿದ್ದಂತೆ ಕಾಯಿಸುವ ವಿಧಾನವನ್ನೇ ನೆಚ್ಚಿದರು. ಅಕ್ಟೋಬರ್ 30ರಂದು, ಇಂದು ಪಾಕಿಸ್ತಾನಕ್ಕೆ ಸೇರಿರುವ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅದೇ ದಿನ ಬೇರೆ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ.

ಹತ್ತೊಂಬತ್ತು ಜೀವಗಳ ಸಾವು ಸಾಮಾನ್ಯ ವಿಷಯವಲ್ಲ; ಅದರ ವಿಚಾರಣೆ ಆಗಲೇಬೇಕಾಗಿತ್ತು. ಆದರೆ ವಿಚಾರಣಾ ಮಂಡಲಿಯು ತಪ್ಪು ಪರೇಲಿನ ಪ್ರಯೋಗಶಾಲೆಯದೆಂದು ತೀರ್ಮಾನಿಸಿತು. ಹಾಫ್‌ಕಿನ್ನರು ಅಧಿಕಾರವನ್ನು ಕಳೆದುಕೊಂಡು 1904ರಲ್ಲಿ ಇಂಗ್ಲೆಂಡಿಗೆ ಹೊರಟುಹೋದರು. ವರದಿಯ ಸಂಪೂರ್ಣ ವಿವರಗಳು ವರ್ಷಗಟ್ಟಲೆ ಹೊರಗೆ ಬರಲಿಲ್ಲ. ಕೊನೆಗೆ ಬಂದಾಗ ಸಾಕ್ಷ್ಯದಲ್ಲಿಯೇ ಒಂದು ಸಂಗತಿ ಅಡಗಿತ್ತು. ಮುಲ್ಕೋವಾಲಿನಲ್ಲಿ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಕ್ರಿಮಿಯ ಮನೆಯೇ ಮಣ್ಣು. ಸೀಸೆಯನ್ನು ತೆರೆದಾಗ ಅದರಲ್ಲಿ ಕೆಟ್ಟ ವಾಸನೆ ಇರಲಿಲ್ಲವೆಂದೂ ಸಾಕ್ಷಿ ಇತ್ತು; ಕ್ರಿಮಿ ಮೊದಲೇ ಒಳಗೆ ಬೆಳೆದಿದ್ದರೆ ವಾಸನೆ ಬರಬೇಕಾಗಿತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯೂ ದೋಷವು ಸೀಸೆ ತೆರೆದ ಸ್ಥಳದಲ್ಲಿ ಸಂಭವಿಸಿರುವುದೇ ಹೆಚ್ಚು ಸಂಭವನೀಯವೆಂದು ಕಂಡಿತು.

ಆಗ ಅವರ ಪರವಾಗಿ ದನಿಯೆತ್ತಿದವರಲ್ಲಿ ಅಗ್ರಗಣ್ಯರು ರೊನಾಲ್ಡ್ ರಾಸ್. ಸಿಕಂದರಾಬಾದಿನಲ್ಲಿ 1897ರಲ್ಲಿ ಮಲೇರಿಯಾದ ಗುಟ್ಟನ್ನು ಬಿಚ್ಚಿದವರು ಇವರೇ. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸದಲ್ಲಿದ್ದವರು. 1907ರ ಜುಲೈಯಲ್ಲಿ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಆರೋಪ ನಿರಾಧಾರವೆಂದು ಸಾರಿದರು. ಆ ವರ್ಷದ ಕೊನೆಗೆ ಸರಕಾರ ಅವರಿಗೆ ಮತ್ತೆ ಉದ್ಯೋಗ ಕೊಟ್ಟಿತು. ಆದರೆ ಅವರು ಕಟ್ಟಿದ ಪರೇಲಿನ ಪೀಠ ಅವರಿಗೆ ಮರಳಿ ದೊರೆಯಲಿಲ್ಲ. ಕಲ್ಕತ್ತೆಯಲ್ಲಿ ಕೆಲಸ ಮಾಡಿ 1914ರಲ್ಲಿ ನಿವೃತ್ತರಾಗಿ ಯುರೋಪಿಗೆ ಮರಳಿದರು. ಮದುವೆಯಾಗಿರಲಿಲ್ಲ, ಕಡೆಗಾಲವನ್ನು ಧರ್ಮಶ್ರದ್ಧೆಯಲ್ಲಿ ಕಳೆದು, ಗಳಿಸಿದ್ದನ್ನು ತಮ್ಮ ಜನರ ಧಾರ್ಮಿಕ ಪಾಠಶಾಲೆಗಳಿಗೆ ಬಿಟ್ಟು, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನ ಹೊಂದಿದರು.

ಅವರು ಹೋದ ಮೇಲೂ ಪರೇಲಿನ ಕೆಲಸ ನಿಲ್ಲಲಿಲ್ಲ. 1905ರಿಂದ ಅಲ್ಲಿ ದುಡಿದ ಪ್ಲೇಗು ಸಂಶೋಧನಾ ಮಂಡಲಿಯು ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ತರುವುದೆಂಬುದನ್ನು ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿಸಿತು. ಅಲ್ಲಿಗೆ ಮನೆಯ ಸಾಮಾನು ಸುಡುವುದಕ್ಕಿಂತ ಇಲಿಯನ್ನು ದೂರವಿಡುವುದು ಮುಖ್ಯವೆಂಬುದು ಸ್ಪಷ್ಟವಾಯಿತು. 1897ರಿಂದ 1925ರವರೆಗೆ ಮುಂಬಯಿಯಿಂದ ಹೊರಟ ಪ್ಲೇಗು ಲಸಿಕೆಯ ಪ್ರಮಾಣ ಎರಡು ಕೋಟಿ ಅರವತ್ತು ಲಕ್ಷ. ಆ 1925ರಲ್ಲಿಯೇ ಸಂಸ್ಥೆಗೆ ಹಾಫ್‌ಕಿನ್ನರ ಹೆಸರನ್ನಿಡಲಾಯಿತು. ಅದನ್ನು ಅವರು ಬದುಕಿರುವಾಗಲೇ ಕೇಳಿದರೆಂಬುದು ಸಮಾಧಾನದ ಸಂಗತಿ. 1964ರಲ್ಲಿ ಸ್ವತಂತ್ರ ಭಾರತ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಹಾಫ್‌ಕಿನ್ನರ ಲಸಿಕೆ ಸರ್ವಶಕ್ತವಾಗಿರಲಿಲ್ಲ. ಅದರ ರಕ್ಷಣೆ ಕೆಲವು ತಿಂಗಳದು. ಲಸಿಕೆ ಪಡೆದವರಲ್ಲಿಯೂ ಕೆಲವರು ಸತ್ತರು. ಮುಂದೆ ಸ್ಟ್ರೆಪ್ಟೊಮೈಸಿನ್‌ನಂಥ ಔಷಧಿಗಳು ಬಂದು ಪ್ಲೇಗಿನ ಹಲ್ಲು ಕಿತ್ತವು. ಆದರೆ ಅವರು ಹಾಕಿದ ಮೇಲ್ಪಂಕ್ತಿ ಹಳತಾಗಿಲ್ಲ. ರೈತನ ಕಂದಾಯ, ಕೂಲಿಯವನ ಉಪ್ಪಿನ ತೆರಿಗೆ ಸೇರಿದ ಬೊಕ್ಕಸದಿಂದ ನಡೆದ ಪ್ರಯೋಗಶಾಲೆ ಅದು. ಅದರ ಫಲ ರೈತನಿಗೂ ಕೂಲಿಯವನಿಗೂ ಮುಟ್ಟಿತು. ಜನರ ಹಣದಿಂದ ನಡೆಯುವ ಸಂಶೋಧನೆ ಜನರಿಗೆ ಲೆಕ್ಕ ಒಪ್ಪಿಸಬೇಕು. ತಪ್ಪಾದರೆ ವಿಚಾರಣೆಯೂ ಆಗಬೇಕು. ಆದರೆ ವಿಚಾರಣೆ ಬಹಿರಂಗವಾಗಿರಬೇಕು, ಬೇಗ ಮುಗಿಯಬೇಕು, ಸಾಕ್ಷ್ಯಕ್ಕೆ ತಲೆಬಾಗಬೇಕು. ಇಲ್ಲವಾದರೆ ನಷ್ಟವಾಗುವುದು ಒಬ್ಬ ವಿಜ್ಞಾನಿಗೆ ಮಾತ್ರವಲ್ಲ. ಮುಲ್ಕೋವಾಲಿನ ಸುದ್ದಿ ಕೇಳಿ ಅಂಜಿ, ಲಸಿಕೆಯಿಂದ ದೂರ ಉಳಿದು ಪ್ಲೇಗಿಗೆ ತುತ್ತಾದವರ ಲೆಕ್ಕವನ್ನು ಯಾವ ಮಂಡಲಿಯೂ ಬರೆದಿಡಲಿಲ್ಲ.

ಹುಟ್ಟಿದ ಊರನ್ನು ಬಿಟ್ಟು, ಪರಭಾಷೆಯ ಜನರ ನಡುವೆ ಬಂದು, ಆ ಜನರನ್ನೇ ತನ್ನವರೆಂದುಕೊಂಡು ದುಡಿದವರು ಹಾಫ್‌ಕಿನ್ನರು. ತನ್ನತನವನ್ನು ಬಿಡಲಿಲ್ಲ, ಬಂದ ನೆಲಕ್ಕೆ ಎರಡನ್ನೂ ಬಗೆಯಲಿಲ್ಲ. ಹೊಟ್ಟೆಪಾಡಿಗಾಗಿ ನಾಡನ್ನು ಬಿಟ್ಟು ಬಂದ ನಮಗೆ ಇದಕ್ಕಿಂತ ಹಿರಿದಾದ ಆದರ್ಶ ಬೇರೆ ಬೇಕಿಲ್ಲ. ರಾಜ್ಯೋತ್ಸವಕ್ಕೆ ಆರು ದಿನ ಮೊದಲು ಬರುವ ಅವರ ಪುಣ್ಯತಿಥಿಯಂದು ನಮ್ಮ ಮಕ್ಕಳಿಗೆ ಅವರ ಕಥೆಯನ್ನು ಹೇಳೋಣ. ಅಷ್ಟಾದರೂ ಋಣ ತೀರಲಿ.